ಕಣ್ಣಿಗೆ ಬಿದ್ದದ್ದು

ಬೋರ್ಡಿನ ಮೇಲೆ ‘ಮಿಕಕೆರು’ ಎಂದು ಮೊದಲು ಜಪಾನಿ ಅಕ್ಷರದಲ್ಲಿ, ಕೆಳಗೆ ಕನ್ನಡದಲ್ಲಿ ಬರೆದು ಸುಶೀಲಕುಮಾರ ಬೆರಳಿಗೆ ಹತ್ತಿದ ಮಸಿಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ಇದು ದಿನಾ ಬಳಸೂ ಮಾತು. ಹುಡುಕ್ಕೊಂಡು ಹೋಗಿ ನೋಡಿದ್ದಕ್ಕ ಇದು ಬರಂಗಿಲ್ಲ. ನೀವು ಜನವಾಡ ಬಸ್ಸಿಗೆ ನಿಂತೀರಿ, ಎದುರಿಗಿ ನಿಮ್ಮ ಸಾಲಿ ಮಾಸ್ತರು ಗಾಡಿ ಮ್ಯಾಗ ಹೋದ್ರು. ಕಣ್ಣಿಗಿ ಬಿದ್ರು ಅಂತೇವಲ್ಲ, ಅದು.”

“ಸರ್, ನಮ್ಮ ಭಾಲ್ಕಿಯಾಗ ಈ ಮಾತಿಗಿ ಕೆಲಸಾನೇ ಇಲ್ರಿ,” ಎಂದಳು ಮಹಾಮಾಯಾ. “ಅಲ್ಲಿ ಯಾರೂ ಯಾರ ಕಣ್ಣಿಗೂ ಬೀಳಂಗಿಲ್ಲ. ಎಲ್ಲಾರೂ ಬಾಗಲ ಸಂದ್ಯಾಗ ಕಾದು ನಿಂತೇ ನೋಡ್ತಾರ.”

ಎಲ್ಲರೂ ನಕ್ಕರು. ಸುಶೀಲಕುಮಾರನೂ ನಕ್ಕ. ಅವನದು ಭಾತಂಬ್ರಾ. ಜಪಾನಿನ ಒಂದು ವೃದ್ಧಾಶ್ರಮದಲ್ಲಿ ಮೂರು ವರ್ಷ ಮುದುಕರಿಗೆ ಸ್ನಾನ ಮಾಡಿಸಿ ಬಂದವನು. ಈಗ ಬೀದರಿನಲ್ಲಿ ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆ ಕ್ಲಾಸು ನಡೆಸುತ್ತಿದ್ದ. ಕಲಿಯಲು ಬರುವವರು ಹೆಚ್ಚಾಗಿ ನರ್ಸುಗಳು. ಇಲ್ಲಿ ತಯಾರಾದವರನ್ನು ಹೈದರಾಬಾದಿನ ಏಜೆನ್ಸಿಯೊಂದು ಜಪಾನಿನ ವೃದ್ಧಾಶ್ರಮಗಳಿಗೆ ಕಳಿಸುತ್ತಿತ್ತು.

“ನಾಳಿ ಒಬ್ಬೊಬ್ಬರು ಈ ಮಾತು ಹಾಕಿ ಒಂದೊಂದು ವಾಕ್ಯ ತರ್ರಿ,” ಎಂದ. “ಖರೇನೇ ಇರಬೇಕಂತಿಲ್ಲ. ಹೂವು ಕಂಡೆ, ನಾಯಿ ಕಂಡೆ, ಏನಾರ ನಡೀತದ.”

ಜೆಮಿಮಾ ಕೊನೆಯ ಬೆಂಚಿನಲ್ಲಿ ಕೂತು ಬರೆದುಕೊಂಡಳು. ಆಕೆಯ ಊರು ಔರಾದ ತಾಲ್ಲೂಕಿನ ಚಿಂತಾಕಿ. ನರ್ಸಿಂಗ್ ಮುಗಿಸಿ ಬೀದರಿನ ಒಂದು ಖಾಸಗಿ ದವಾಖಾನೆಯ ಹೆರಿಗೆ ವಾರ್ಡಿನಲ್ಲಿ ಕೆಲಸಕ್ಕಿದ್ದಳು. ಜಪಾನಿನ ಮೇಲೆ ಆಕೆಗೆ ಪ್ರೀತಿಯೇನೂ ಇರಲಿಲ್ಲ. ಸಿಲಾಸನಿಂದ ತಪ್ಪಿಸಿಕೊಳ್ಳಬೇಕಿತ್ತು, ಅಷ್ಟೇ.

ಔರಾದದ ಸಿಲಾಸ ಕೆಟ್ಟವನಲ್ಲ. ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತಾನೆ, ಗುಟ್ಕಾ ತಿನ್ನುವುದಿಲ್ಲ. ಆದರೆ ಹೆಣ್ಣು ನೋಡಲು ಬಂದವನು ಜೆಮಿಮಾಳನ್ನು ಕೇಳಿದ್ದು ಒಂದೇ ಪ್ರಶ್ನೆ: “ಲಕ್ವಾ ಹೊಡೆದವರಿಗಿ ಮೂಗಿನಾಗ ನಳಗಿ ಹಾಕಿ ಊಟ ಕೊಡೂದು ಬರ್ತದೇನು?” ಅವನ ತಾಯಿ ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ಮದುವೆಯಾದ ಮೇಲೆ ದವಾಖಾನೆಯ ನೌಕರಿ ಬೇಡ, ಮನೆಯಲ್ಲೇ ಕೆಲಸವಿದೆ ಎಂದೂ ಹೇಳಿ ಹೋದ. ಜೆಮಿಮಾಳ ತಾಯಿ ರೂತಮ್ಮ ಮಗಳಿಗೆ ಒಂದು ಗಡುವು ಹಾಕಿದ್ದಳು. “ಈ ಸಲ ಜಪಾನ್ ಆದ್ರ ಹೋಗು. ಆಗ್ಲಿಲ್ಲಂದ್ರ ಈಸ್ಟರ್ ಮುಗದ ಮ್ಯಾಲ ಸಿಲಾಸನ ಮನಿಯವ್ರಿಗಿ ಹೂಂ ಅಂತೇನಿ.”

“ಜಪಾನಿನಾಗ ಮುದುಕೇರ ಸೇವಾಕ್ಕ ಪಗಾರ, ಔರಾದಾಗ ಉಂಗುರ,” ಎಂದಿದ್ದಳು ಮಹಾಮಾಯಾ. “ಲೆಕ್ಕ ನೀನೇ ಹಾಕ್ಕೋ.”

ವಿಡಿಯೋ ಸಂದರ್ಶನ ಆಗಿಹೋಗಿತ್ತು. ಚೆನ್ನಾಗಿಯೇ ಆಗಿತ್ತು. ಉಳಿದದ್ದು ಒಂದು ಫೋನು. ಏಜೆನ್ಸಿಯವರು ಜೆಮಿಮಾ ಕೆಲಸ ಮಾಡುವ ದವಾಖಾನೆಯ ಡಾಕ್ಟರಿಗೆ ಫೋನ್ ಮಾಡಿ, ಹುಡುಗಿ ಹೇಗೆ ಎಂದು ಕೇಳುತ್ತಾರೆ. ಡಾಕ್ಟರು ಒಳ್ಳೆಯವಳು ಎಂದರೆ ಆಯಿತು. ಇನ್ನೇನಾದರೂ ಎಂದರೆ ಹೆಸರು ಹೊಡೆದು ಹಾಕುತ್ತಾರೆ.

ಮರುದಿನ ಸಂಜೆ ವಾಕ್ಯಗಳು ಬಂದವು. ಒಬ್ಬಳಿಗೆ ಬೀದರ್ ಕೋಟೆಯಲ್ಲಿ ನವಿಲು ಕಣ್ಣಿಗೆ ಬಿದ್ದಿತ್ತು. ಇನ್ನೊಬ್ಬಳಿಗೆ ಬಸ್ ಸ್ಟ್ಯಾಂಡಿನಲ್ಲಿ ಆನೆ.

“ಆನಿ?” ಎಂದ ಸುಶೀಲಕುಮಾರ.

“ಖರೇ ಇರಬೇಕಂತಿಲ್ಲ ಅಂದೀರಲ್ರಿ ಸರ್.”

ಮಹಾಮಾಯಾ ಭಾಲ್ಕಿ ರೈಲಿನಲ್ಲಿ ಒಬ್ಬ ಸಿನಿಮಾ ಹೀರೋನನ್ನು ಕಂಡಿದ್ದಳು. ಅವನು ಆಕೆಗೆ ಕಿಟಕಿಯ ಸೀಟು ಬಿಟ್ಟುಕೊಟ್ಟಿದ್ದನಂತೆ.

ಆಮೇಲೆ ಜೆಮಿಮಾ ಎದ್ದು ನಿಂತಳು. ಆಕೆ ತಂದದ್ದು ನಿಜವಾದ ವಾಕ್ಯ. ಬೇರೆ ತರುವುದು ಆಕೆಗೆ ಹೊಳೆಯಲೇ ಇಲ್ಲ. ಚಿಂತಾಕಿಯ ಮನೆಯಲ್ಲಿ ವಾರಕ್ಕೊಮ್ಮೆ ಪ್ರಾರ್ಥನೆಗೆ ಜನ ಸೇರುತ್ತಿದ್ದರು. ಪ್ರಾರ್ಥನೆಯ ಮುಂಚೆ ಒಬ್ಬೊಬ್ಬರೂ ಎದ್ದು ನಿಂತು ಆ ವಾರ ಕಂಡದ್ದು, ಆದದ್ದು ಹೇಳಬೇಕು. ಅದಕ್ಕೆ ಸಾಕ್ಷಿ ಎನ್ನುತ್ತಾರೆ. ಸಣ್ಣವಳಿದ್ದಾಗ ಜೆಮಿಮಾ ಒಮ್ಮೆ ಹಾವಿನ ಬಾಯಿಂದ ದೇವರು ಕಾಪಾಡಿದ ಎಂದು ಕಟ್ಟಿ ಹೇಳಿದ್ದಳು. ರೂತಮ್ಮ ಎಲ್ಲರೆದುರಿಗೇ ತೊಡೆ ಚಿವುಟಿ ಕೂರಿಸಿದ್ದಳು. “ನಾಕು ಮಂದಿ ಮುಂದ ನಿಂತು ಹೇಳೂದು ಖರೇ ಇರಬೇಕು” ಎಂದು. ಆವತ್ತಿನಿಂದ ನಾಲ್ಕು ಜನರ ಮುಂದೆ ನಿಂತರೆ ಜೆಮಿಮಾಗೆ ಸುಳ್ಳು ಬರುತ್ತಿರಲಿಲ್ಲ. ಅದು ಜಪಾನಿ ಕ್ಲಾಸಾದರೂ ಸರಿ.

“ಕಿನೋ, ಬ್ಯೋಯಿನ್ ದೆ, ತೆ ಓ ಶಿಬರರೆತ ಒಬಾಸಾನ್ ಓ ಮಿಕಕೆಮಶಿತ.”

ಸುಶೀಲಕುಮಾರನಿಗೆ ಅರ್ಥವಾಯಿತು. ಬೇರೆಯವರಿಗೆ ಅರ್ಥವಾಗಿರಲಿಲ್ಲ. ಆ ನಡುವಿನ ಮಾತನ್ನು ಅವರಿನ್ನೂ ಕಲಿತಿರಲಿಲ್ಲ. ಜೆಮಿಮಾ ಅದನ್ನು ಫೋನಿನಲ್ಲಿ ಹುಡುಕಿ ತಂದಿದ್ದಳು.

“ಬರೋಬರಿ ಅದ. ಕೂಡು,” ಎಂದ ಸುಶೀಲಕುಮಾರ.

“ಶಿಬರರೆತ ಅಂದ್ರೇನಕ್ಕಾ?” ಎಂದು ಮುಂದಿನ ಬೆಂಚಿನಿಂದ ಅಮಿತಕುಮಾರ ತಿರುಗಿ ಕೇಳಿದ. ಜನವಾಡದವನು, ಲ್ಯಾಬ್ ಟೆಕ್ನಿಷಿಯನ್, ಕ್ಲಾಸಿನಲ್ಲಿದ್ದ ಒಬ್ಬನೇ ಗಂಡಸು. ಹೊಸ ಮಾತು ಸಿಕ್ಕರೆ ಬಿಡುವವನಲ್ಲ.

“ಕಟ್ಟಿ ಹಾಕಿದ್ದು. ನಿನ್ನೆ ದವಾಖಾನ್ಯಾಗ ಕೈ ಕಟ್ಟಿದ ಮುದುಕಿ ಕಣ್ಣಿಗಿ ಬಿದ್ದಳು ಅಂತ.”

“ನಿಮ್ಮ ದವಾಖಾನ್ಯಾಗಾ?”

“ಹೂಂ. ಜನರಲ್ ವಾರ್ಡಿನಾಗ.”

“ಮುಂದಿನವ್ರು ಏಳ್ರಿ,” ಎಂದು ಸುಶೀಲಕುಮಾರ ಜೋರಾಗಿ ಹೇಳಿದ. ಅಮಿತಕುಮಾರ ಆ ಮಾತನ್ನು ಬರೆದುಕೊಂಡ. ಆದರೆ ಆ ಸಂಜೆ ಅವನು ಇನ್ನೇನನ್ನೂ ಬರೆದುಕೊಳ್ಳಲಿಲ್ಲ. ಅವನ ಮನೆಯ ಪಕ್ಕದ ಮನೆಯ ಸುಭದ್ರಾಬಾಯಿ ತೊಡೆಯ ಮೂಳೆ ಮುರಿದುಕೊಂಡು ಅದೇ ವಾರ್ಡಿನಲ್ಲಿ ಮಲಗಿದ್ದಳು.

ಜೆಮಿಮಾ ಹುಡುಕಿಕೊಂಡು ಹೋಗಿ ನೋಡಿದ್ದಲ್ಲ. ತನ್ನ ವಾರ್ಡಿನ ಥರ್ಮಾಮೀಟರ್ ಒಡೆದಿತ್ತು, ಇನ್ನೊಂದು ತರಲು ಜನರಲ್ ವಾರ್ಡಿಗೆ ಹೋಗಿದ್ದಳು. ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬ ಮುದುಕಿ ಮಲಗಿದ್ದಳು. ಎರಡೂ ಮಣಿಕಟ್ಟನ್ನು ಗಾಯಕ್ಕೆ ಸುತ್ತುವ ಗಾಜ್ ಬಟ್ಟೆಯಿಂದ ಮಂಚದ ಸರಳಿಗೆ ಬಿಗಿದಿದ್ದರು. ಮೂಗಿನ ಮೇಲೆ ನೊಣ ಕೂತಿತ್ತು. ಮುದುಕಿ ತಲೆ ಅಲ್ಲಾಡಿಸಿ ಅದನ್ನು ಎಬ್ಬಿಸುತ್ತಿದ್ದಳು, ಅದು ಮತ್ತೆ ಬಂದು ಕೂರುತ್ತಿತ್ತು. ಜೆಮಿಮಾ ಥರ್ಮಾಮೀಟರ್ ತೆಗೆದುಕೊಂಡು ಬಂದಿದ್ದಳು.

ಸುಭದ್ರಾಬಾಯಿಯ ಮಗ ನರಸಿಂಗ ದವಾಖಾನೆಗೆ ಬಂದು ಗದ್ದಲ ಮಾಡಿದ್ದು ಕ್ಲಾಸಿನ ಮರುದಿನ. ಜೆಮಿಮಾ ಆಗ ಒಂದು ಹೆರಿಗೆಯಲ್ಲಿದ್ದಳು. ಕೂಗಾಟ ಮೇಲಿನವರೆಗೆ ಕೇಳಿತು. ಕೈ ತೊಳೆದು ಕೆಳಗೆ ಬರುವಷ್ಟರಲ್ಲಿ ನರಸಿಂಗ ಹೋಗಿದ್ದ, ಡಾಕ್ಟರ್ ತಮ್ಮ ಕೋಣೆಗೆ ಕರೆಸಿದರು.

“ನೀ ಜಪಾನಿ ಭಾಷಾದಾಗ ನನ್ನ ದವಾಖಾನಿ ಮರ್ಯಾದಿ ತೆಗೀಲಾಕತ್ತೀ ಅಂತ ಗೊತ್ತೇ ಇರ್ಲಿಲ್ಲ ನೋಡು,” ಎಂದರು. “ಕನ್ನಡದಾಗ ತೆಗದಿದ್ರ ಜಲ್ದಿ ತಿಳೀತಿತ್ತು.”

“ಹೆಸರು ಹೇಳಿಲ್ರಿ ಸರ್.”

“ಬೀದರಿನಾಗ ಹೆಸರು ಬ್ಯಾರೆ ಹೇಳಬೇಕೇನು?”

“ಕೈ ಕಟ್ಟಿದ್ದು ಖರೇ ಅದರಿ.”

“ಖರೇ ಅದ ಅಂತ ನಂಗೂ ಗೊತ್ತದ. ಆಕಿ ಸಲೈನ್ ಕಿತ್ತಿ ಒಗೀತಾಳ, ಮುರಿದ ಕಾಲಿಲೆ ಇಳೀಲಾಕ್ ಹೋಗ್ತಾಳ. ಬಿದ್ರ ಇದೇ ಮಗ ಬಂದು ನನ್ನ ಕಾಲರ್ ಹಿಡೀತಾನ. ಯಾರೂ ಕಟ್ಟಿಲ್ಲ ಅಂತ ನಾ ಅವಂಗ ಹೇಳೀನಿ. ಮಣಿಕಟ್ಟಿನ ಮ್ಯಾಗಿನ ಕಲೆ ಸಲೈನ್ ಪಟ್ಟಿದು ಅಂತ ಹೇಳೀನಿ. ನಾಳಿ ಮತ್ತ ಬರ್ತಾನ. ನಿನ್ನೇ ಕೇಳ್ತಾನಂತ.” ಡಾಕ್ಟರ್ ಫೋನನ್ನು ಮೇಜಿನ ಮೇಲೆ ತಿರುಗಿಸಿದರು. “ಹೈದರಾಬಾದಿನವ್ರ ಫೋನ್ ಬಂದಿತ್ತು. ಈಗ ಕೆಲಸದಾಗ ಇದ್ದೇನಿ, ನಾಳಿ ಮಾತಾಡ್ತೇನಿ ಅಂದೀನಿ. ನಾಳಿ ಅವ್ನು ಹೋದ ಮ್ಯಾಲ ಮಾಡ್ತೇನಿ. ತಿಳೀತಲ್ಲ?”

ತಿಳಿಯಿತು.

ಹೊರಗೆ ಚಂದ್ರಭಾಗಾ ನಿಂತಿದ್ದಳು. ಜನರಲ್ ವಾರ್ಡಿನ ನರ್ಸು, ಕಟ್ಟಿದ್ದು ಆಕೆಯೇ. ಜೆಮಿಮಾ ಬೈಗುಳಕ್ಕೆ ತಯಾರಾದಳು. ಚಂದ್ರಭಾಗಾ ಬೈಯಲಿಲ್ಲ.

“ಇಡೀ ವಾರ್ಡಿಗಿ ನಾ ಒಬ್ಬಾಕಿ,” ಎಂದಳು. “ಆವತ್ತು ನೀ ಬಂದಿ. ನೋಡಿದಿ. ಆಕಿ ಹತ್ತಿರ ಒಂದು ತಾಸು ಕೂಡ್ತೇನಿ, ಬಿಚ್ಚು ಅಂದಿದ್ರ ಬಿಚ್ಚತಿದ್ದೆ. ಥರ್ಮಾಮೀಟರ್ ತಗೊಂಡು ಹೋದಿ. ಈಗ ಏನು ಸಾಕ್ಷಿ ಹೇಳ್ತೀ?”

ಜೆಮಿಮಾ ಮೆಟ್ಟಿಲು ಹತ್ತಿ ತನ್ನ ವಾರ್ಡಿಗೆ ಹೋದಳು.

ಸಂಜೆ ಕ್ಲಾಸು ಶುರುವಾಗುವ ಮುಂಚೆ ಸುಶೀಲಕುಮಾರನಿಗೆ ಎಲ್ಲ ಹೇಳಿದಳು. ಅವನಿಗೆ ಆಗಲೇ ಗೊತ್ತಿತ್ತು.

“ಪಾಠದ ವಾಕ್ಯ ಅಂತ ಹೇಳಿಬಿಡು. ನಾ ಖರೇ ಇರಬೇಕಂತಿಲ್ಲ ಅಂತ ಎಲ್ಲಾರ ಮುಂದನೇ ಹೇಳೀನಲ್ಲ. ಅದರಾಗ ಸುಳ್ಳೇನದ? ಒಬ್ಬಾಕಿಗೆ ಬಸ್ ಸ್ಟ್ಯಾಂಡಿನಾಗ ಆನಿ ಕಂಡದ.”

“ನಾ ನೋಡೀನ್ರಿ ಸರ್.”

“ನೋಡೀದಿ. ಜಪಾನಿನಾಗ ನಾನೂ ದಿನಾ ನೋಡ್ತಿದ್ದೆ. ಮುದುಕನ ಮೈ ಮ್ಯಾಗ ಒಂದು ಕೆಂಪು ಕಲೆ ಕಂಡ್ರೂ ಬರದು ತಿಳಸಬೇಕು. ಸುಮ್ಮಸುಮ್ಮನೆ ಕೈ ಕಟ್ಟಿದ್ರ ನೌಕ್ರಿ ಹೋಗ್ತದ. ಅಲ್ಲಿ ಹೋಗಿ ಎಷ್ಟು ಬೇಕಷ್ಟು ಖರೇ ಹೇಳು, ಅದಕ್ಕೇ ಪಗಾರ ಕೊಡ್ತಾರ. ಇಲ್ಲಿ ಖರೇ ಹೇಳಿದ್ರ ಅಲ್ಲಿಗಿ ಹ್ಯಾಂಗ ಹೋಗ್ತೀ?” ಅವನು ಡಸ್ಟರ್ ಎತ್ತಿಕೊಂಡ. “ನಿಂದು ಒಂದು ಹೆಸರು ಹೋದ್ರ ನನ್ನ ಇಡೀ ಬ್ಯಾಚಿನ ಮ್ಯಾಗ ಅನುಮಾನ ಬರ್ತದ. ಮಹಾಮಾಯಾನ ಹೆಸರೂ ಅದ ಅದರಾಗ.”

ಅಮಿತಕುಮಾರ ಅವತ್ತು ಬಂದಿರಲಿಲ್ಲ. ಮಹಾಮಾಯಾ ಬಂದಿದ್ದಳು, ಆದರೆ ಜೆಮಿಮಾಳ ಪಕ್ಕ ಕೂರಲಿಲ್ಲ. ಕ್ಲಾಸು ಮುಗಿಯುವವರೆಗೆ ಒಂದು ಜೋಕೂ ಹೇಳಲಿಲ್ಲ. ಹೋಗುವಾಗ ಮೆಟ್ಟಿಲ ಮೇಲೆ ತಡೆದು, “ನವಿಲು ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತು?” ಎಂದಳು.

ರೂಮಿಗೆ ಬಂದು ಜೆಮಿಮಾ ತಾಯಿಗೆ ಫೋನ್ ಮಾಡಿದಳು. ರೂತಮ್ಮನಾದರೂ ಬೇರೆ ಮಾತು ಹೇಳುತ್ತಾಳೆ ಎಂಬ ನಂಬಿಕೆಯಿತ್ತು. ನಿಜ ಹೇಳು, ಹೋದರೆ ಹೋಗಲಿ ಎಂದರೆ ಹೇಳಿಬಿಡುವುದು, ಸಿಲಾಸನ ತಾಯಿಗೆ ನಳಿಗೆ ಹಾಕುವುದು. ಮನಸ್ಸು ಅಲ್ಲಿಯವರೆಗೆ ತಯಾರಾಗಿತ್ತು.

ರೂತಮ್ಮ ಪೂರ್ತಿ ಕೇಳಿದಳು. ಹಿಂದೆ ಕುಕ್ಕರ್ ಕೂಗಿತು. ಅದನ್ನು ಇಳಿಸಿ ಬಂದಳು.

“ಆ ಮುದುಕಿ ಸತ್ತಾಳೇನು?”

“ಇಲ್ಲ.”

“ಕೈ ಮುರದದೇನು?”

“ಇಲ್ಲವ್ವಾ. ಕಟ್ಟಿದ್ರು.”

“ಹಂಗಾರ ಏನದು ನಿಂದು? ಈ ಐತವಾರ ಔರಾದ ಚರ್ಚಿನಾಗ ನಿನ್ನ ಹೆಸರಿಲೆ ಪ್ರಾರ್ಥನಿ ಇಡಸೀನಿ. ಪಾಸ್ಟರ್‌ಗ ಜಪಾನ್ ಆಯ್ತು ಅಂತನೇ ಹೇಳೀನಿ.”

“ನೀನೇ ಅಲ್ಲೇನವ್ವಾ, ನಾಕು ಮಂದಿ ಮುಂದ ಖರೇ ಹೇಳಬೇಕು ಅಂದಾಕಿ.”

“ಅದು ಪ್ರಾರ್ಥನ್ಯಾಗ, ಹುಚ್ಚಿ. ಸಾಕ್ಷಿ ದೇವರ ಮುಂದ ಹೇಳೂದು. ಡಾಕ್ಟರ್ ಮುಂದ ಅಲ್ಲ.”

ನರಸಿಂಗ ಮರುದಿನ ಬೆಳಿಗ್ಗೆ ಬಂದ. ಜೊತೆಗೆ ಅಮಿತಕುಮಾರನನ್ನೂ ಬೈಕಿನ ಮೇಲೆ ಕೂರಿಸಿಕೊಂಡು ಬಂದಿದ್ದ. ಡಾಕ್ಟರ್ ಕೋಣೆಯಲ್ಲಿ ಅಮಿತಕುಮಾರ ನೆಲ ನೋಡುತ್ತ ಬಾಗಿಲ ಹತ್ತಿರವೇ ನಿಂತ. ನರಸಿಂಗ ದೊಡ್ಡ ಮೈಯವನು, ಹೊಲದ ಮಣ್ಣು ಚಪ್ಪಲಿಯಲ್ಲೇ ಇತ್ತು. ಜಗಳಕ್ಕೆ ಬಂದವನಂತೆ ಕಾಣಲಿಲ್ಲ. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ತಂಗಿ, ನಿಂಗ ಒಂದೇ ಮಾತು ಕೇಳ್ತೇನಿ,” ಎಂದ. “ನಮ್ಮವ್ವ ಬಂದ ದಿನದಿಂದ ಹೇಳ್ಲಾಕತ್ತಾಳ, ನನ್ನ ಕೈ ಕಟ್ಟತಾರ ಅಂತ. ನಾ ನಂಬಿಲ್ಲ. ವಯಸ್ಸಾಗ್ಯದ, ನಾಕು ಮಾತಿನಾಗ ಎರಡು ಅಡ್ಡಾತಿಡ್ಡಿ ಆಡ್ತಾಳ. ಸತ್ತ ನಮ್ಮಪ್ಪಗ ಚಹಾ ಕೊಟ್ಟೀರೇನು ಅಂತ ಕೇಳ್ತಾಳ. ಇದನ್ನೂ ಹಂಗೇ ಅಂತ ತಿಳಿದೆ. ಆಮ್ಯಾಲ ಈ ಅಮಿತ ಬಂದು ನೀ ನೋಡೀದಿ ಅಂದ. ಡಾಕ್ಟರ್ ಸಾಹೇಬ್ರು ಇಲ್ಲ ಅಂತಾರ.”

ಡಾಕ್ಟರ್ ಜೆಮಿಮಾಳನ್ನೇ ನೋಡಿದರು. ಮೇಜಿನ ಮೇಲೆ ಫೋನಿತ್ತು.

“ನಮ್ಮಪ್ಪಗ ಟಿಬಿ ಆದಾಗ ನಿಮ್ಮ ಮಂದಿನೇ ಉಳಿಸ್ಯಾರ,” ಎಂದ ನರಸಿಂಗ. “ಮಿಶನ್ ದವಾಖಾನಿ ನರ್ಸಮ್ಮಂದ್ರು. ಔಷಧ ಕಹಿ ಅದ ಅಂದ್ರ ಕಹಿ ಅದ, ನೋವು ಆಗ್ತದ ಅಂದ್ರ ಆಗ್ತದ. ಸುಳ್ಳು ಹೇಳಿದವ್ರಲ್ಲ. ನೀ ನೋಡೀನಿ ಅಂದ್ರ ನೋಡೀದಿ. ಇಲ್ಲ ಅಂದ್ರ ಇಲ್ಲ. ನಾ ಮತ್ತ ಯಾರನ್ನೂ ಕೇಳಂಗಿಲ್ಲ.”

ಜೆಮಿಮಾಗೆ ಅವನು ಕೂಗಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕೂಗಾಡುವವನಿಗೆ ಸುಳ್ಳು ಹೇಳುವುದು ಸುಲಭ. ನಿಂತದ್ದು ಅದೇ ನಾಲ್ಕು ಜನರೆದುರು. ಅಮಿತಕುಮಾರ, ನರಸಿಂಗ, ಡಾಕ್ಟರ್, ಬಾಗಿಲಾಚೆ ಚಂದ್ರಭಾಗಾ. ಆಕೆಗೆ ಸಿಲಾಸನ ತಾಯಿಯ ಕೋಣೆ ನೆನಪಾಯಿತು. ಆ ಕೋಣೆಯನ್ನು ಆಕೆ ನೋಡಿರಲಿಲ್ಲ, ಆದರೂ ಅದರ ವಾಸನೆ ಮೂಗಿಗೆ ಬಂತು.

“ಅದು ಪಾಠದ ವಾಕ್ಯರಿ ಅಣ್ಣಾ,” ಎಂದಳು. “ಹೊಸ ಮಾತು ಕೊಟ್ಟಿದ್ರು. ವಾಕ್ಯ ಮಾಡಬೇಕಿತ್ತು, ಮಾಡಿದೆ. ನಾ ಅಂಥಾದ್ದೇನೂ ನೋಡಿಲ್ರಿ.”

ಅಮಿತಕುಮಾರ ತಲೆಯೆತ್ತಿ ನೋಡಿದ. ಅವತ್ತು ಆಕೆ ಅವನಿಗೆ ಹೇಳಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಅವನ ಹೆಸರೂ ಅದೇ ಬ್ಯಾಚಿನಲ್ಲಿತ್ತು. ಮತ್ತೆ ನೆಲ ನೋಡಿದ.

ನರಸಿಂಗನ ಮೈಯೆಲ್ಲ ಸಡಿಲಾಯಿತು. ಆಗ ಮಾತ್ರ ಕುರ್ಚಿಯಲ್ಲಿ ಕೂತ.

“ಹಂಗಾರ ಅವ್ವಗೇ ಮತಿ ಕೆಟ್ಟದ,” ಎಂದ. “ಖಾಲಿಪೀಲಿ ನಿಮಗ ಪರೇಶಾನ್ ಮಾಡಿದೆ ಸಾಹೇಬ್ರ. ನಿನ್ನೆ ಏನೇನೋ ಅಂದೆ. ಮನಸಿಗಿ ಹಚ್ಚಿಕೋಬ್ಯಾಡ್ರಿ.”

“ಇರ್ಲಿ ಇರ್ಲಿ. ತಾಯಿ ಅಂದ್ರ ಹಂಗೇ,” ಎಂದರು ಡಾಕ್ಟರ್.

“ಆಕಿ ಸಲೈನ್ ಕೀಳ್ತಾಳ ಅಂದ್ರಲ್ಲ. ಮಂಚ ಇಳೀಲಾಕ್ ನೋಡ್ತಾಳ ಅಂದ್ರಿ. ಮತಿ ಇಲ್ಲದಾಕಿ, ಬಿದ್ದು ಇನ್ನೊಂದು ಕಾಲೂ ಮುರಕೊಂಡ್ರ ಏನ್ ಮಾಡೂದು? ನೀವು ಕಟ್ಟೇ ಬಿಡ್ರಿ ಸಾಹೇಬ್ರ. ನಂದೇನೂ ತಕರಾರಿಲ್ಲ. ನಾ ಹೊಲದಾಗ ಇರ್ತೇನಿ, ನಂಗೂ ಜೀವಕ್ಕ ಸಮಾಧಾನ. ಎಲ್ಲಿ ಸಹಿ ಮಾಡ್ಲಿ ಹೇಳ್ರಿ, ಮಾಡ್ತೇನಿ.”

ಡಾಕ್ಟರ್ ಕಾಗದ ತೆಗೆದರು. ನರಸಿಂಗ ಸಹಿ ಮಾಡಿದ. ಹೋಗುವಾಗ ಜೆಮಿಮಾಗೆ ಕೈ ಮುಗಿದು, “ಜಪಾನಿಗೆ ಹೋಗ್ಲಾಕತ್ತೀ ಅಂತಲ್ಲ ತಂಗಿ, ಛಲೋ ಆಗ್ಲಿ,” ಎಂದ.

ಬೈಕು ಗೇಟು ದಾಟಿದ ಸದ್ದು ಕೇಳಿದ ಮೇಲೆ ಡಾಕ್ಟರ್ ಹೈದರಾಬಾದಿಗೆ ಫೋನ್ ಮಾಡಿದರು. ಜೆಮಿಮಾಳನ್ನು ಹೋಗು ಎನ್ನಲಿಲ್ಲ, ಎದುರಿಗೇ ನಿಲ್ಲಿಸಿಕೊಂಡು ಮಾತಾಡಿದರು. “ಬಹಳ ಶಾಂತ ಹುಡುಗಿರಿ. ಹೇಳಿದ್ದು ಕೇಳ್ತಾಳ. ನಮಗ ಬಿಟ್ಟುಕೊಡಲಾಕ್ ಮನಸಿಲ್ಲ, ಆದ್ರ ಏನ್ ಮಾಡೂದು, ಹುಡುಗಿ ಭವಿಷ್ಯ.”

ಫೋನ್ ಇಟ್ಟು, “ಆಯ್ತು ನೋಡು,” ಎಂದರು. “ಸೋಮವಾರದಿಂದ ಜನರಲ್ ವಾರ್ಡಿಗಿ ಬಾ. ಚಂದ್ರಭಾಗಾನ್ನ ಹೆರಿಗಿಗಿ ಹಾಕ್ತೇನಿ. ನಿಂಗೂ ಮುದುಕರ ಕೆಲಸ ರೂಢಿ ಆಗ್ಲಿ.”

ಭಾನುವಾರ ಔರಾದ ಚರ್ಚಿನಲ್ಲಿ ರೂತಮ್ಮ ಎದ್ದು ನಿಂತು ಸಾಕ್ಷಿ ಹೇಳಿದಳು. ದೇವರು ಮುಚ್ಚಿದ ಬಾಗಿಲನ್ನು ಹೇಗೆ ತೆರೆದ ಎಂದು ಅತ್ತುಕೊಂಡು ಹೇಳಿದಳು. ಸಿಲಾಸ ಕೀಬೋರ್ಡಿನ ಹಿಂದೆ ತಲೆ ಬಗ್ಗಿಸಿ ಕೂತಿದ್ದ. ಆಮೇಲೆ ಎಲ್ಲರಿಗೂ ಪೇಡೆ ಹಂಚಿದರು. ಏಜೆನ್ಸಿಯ ಪಟ್ಟಿಯಲ್ಲಿ ಮಹಾಮಾಯಾಳ ಹೆಸರೂ ಬಂದಿತ್ತು, ಅಮಿತಕುಮಾರನ ಹೆಸರೂ. ಸುಶೀಲಕುಮಾರ ಮೂವರ ಫೋಟೋಗಳನ್ನು ಸ್ಟೇಟಸ್ಸಿಗೆ ಹಾಕಿದ.

ಸೋಮವಾರ ಮಧ್ಯಾಹ್ನ ಜೆಮಿಮಾ ಜನರಲ್ ವಾರ್ಡಿನಲ್ಲಿ ಒಬ್ಬಳೇ ಇದ್ದಳು. ಊಟದ ಹೊತ್ತು. ಒಂದು ಕಡೆ ಒಬ್ಬರಿಗೆ ವಾಂತಿ, ಇನ್ನೊಂದು ಕಡೆ ಡ್ರೆಸ್ಸಿಂಗ್, ಬಾಗಿಲಲ್ಲಿ ಹೊಸ ಪೇಷಂಟು. ಸುಭದ್ರಾಬಾಯಿ ಸಲೈನ್ ಸೂಜಿ ಕಿತ್ತು ಕಾಲು ಇಳಿಬಿಡುತ್ತಿದ್ದಳು. ಜೆಮಿಮಾ ಓಡಿ ಹೋಗಿ ಹಿಡಿದು ಮಲಗಿಸಿದಳು, ರಕ್ತ ಒರೆಸಿದಳು, ಹೊಸ ಸೂಜಿ ಹಾಕಿದಳು. ಅಷ್ಟರಲ್ಲಿ ಮೂರು ಮಂಚದಿಂದ ಕರೆದರು. ಟ್ರೇಯಿಂದ ಗಾಜ್ ಬಟ್ಟೆ ತೆಗೆದು ಎಡಗೈಯನ್ನು ಸರಳಿಗೆ ಕಟ್ಟಿದಳು. ಚರ್ಮಕ್ಕೂ ಬಟ್ಟೆಗೂ ನಡುವೆ ಎರಡು ಬೆರಳಿನಷ್ಟು ಸಂದು ಬಿಟ್ಟಳು.

ಮುದುಕಿ ಒದ್ದಾಡಲಿಲ್ಲ. ಆಕೆಯ ಮುಖವನ್ನೇ ನೋಡುತ್ತಿದ್ದಳು.

“ನೀನೇ ಏನು, ಜಪಾನಿಗಿ ಹೋಗಾಕಿ?”

“ಹೌದು, ಆಯಿ.”

“ನಮ್ಮ ನರಸಿಂಗ ಹೇಳಿದ. ನೀ ಏನೂ ನೋಡಿಲ್ಲಂತ.”

ಜೆಮಿಮಾ ಇನ್ನೊಂದು ತುಂಡು ಬಟ್ಟೆ ಹರಿದಳು.

“ಅಲ್ಲಿ ಯಾರ ಸೇವಾ ಮಾಡ್ತೀ?”

“ಮುದುಕರದು.”

“ಅವ್ರ ಕೈನೂ ಕಟ್ಟತೀಯೇನು?”

“ಇಲ್ಲ ಆಯಿ. ಅಲ್ಲಿ ಕಟ್ಟಂಗಿಲ್ಲ.”

“ಹಂಗಾರ ಜಲ್ದಿ ಹೋಗ್ಯವ್ವಾ,” ಎಂದು ಸುಭದ್ರಾಬಾಯಿ ಬಲಗೈಯನ್ನು ತಾನೇ ಸರಳಿನ ಹತ್ತಿರ ಇಟ್ಟುಕೊಟ್ಟಳು.

ಬಾಗಿಲ ಕಡೆಯಿಂದ ಯಾರೋ ಸಿಸ್ಟರ್ ಎಂದು ಕೂಗಿದರು. ಬಂದೆ ಎಂದು ಹೇಳಿ ಜೆಮಿಮಾ ಎರಡನೆಯ ಕೈಯನ್ನೂ ಕಟ್ಟಿದಳು. ಗಂಟು ಜಾರುತ್ತದೆಯೇ ಎಂದು ಒಮ್ಮೆ ಎಳೆದು ನೋಡಿ, ಇನ್ನೊಂದು ಸುತ್ತು ಹಾಕಿದಳು.